ಖಾಕಿ ತೊಡಲು ಹೊರಟ ಗಳಗನಾಥದ ಹುಡುಗನಿಗೆ

ತಮ್ಮಾ,

ಕಾನ್‌ಸ್ಟೆಬಲ್ ಕೆಲಸಕ್ಕೆ ತಯಾರಿ ನಡೆಸಿದ್ದೀಯೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಜಾತ್ರೆಯಲ್ಲಿ ನಡೆದ ಹೊಡೆದಾಟದ ಕೇಸಿನಲ್ಲಿ ನಿನ್ನ ಹೆಸರೂ ಇದೆ, ಅದನ್ನು ಫಾರ್ಮಿನಲ್ಲಿ ಬರೆಯಬೇಡ ಎಂದು ಯಾರೋ ನಿನಗೆ ಬುದ್ಧಿ ಹೇಳಿದ್ದಾರೆ ಎಂದೂ ತಿಳಿಸಿದ. ಪತ್ರ ಬರೆಯಬೇಕಾಗಿ ಬಂದದ್ದು ಆ ಮಾತಿಗಾಗಿ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಎಷ್ಟೋ ಹುಡುಗರು ಇದೇ ಗೊಂದಲದಲ್ಲಿದ್ದಾರೆ. ಅವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಓಟದ ಬಗ್ಗೆ ನನಗೆ ಚಿಂತೆಯಿಲ್ಲ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, 7.26 ಕಿಲೋ ಗುಂಡನ್ನು 5.60 ಮೀಟರ್ ಎಸೆಯಬೇಕು. ಎತ್ತರ 168 ಸೆಂಟಿಮೀಟರ್. ಎದೆ ಉಬ್ಬಿಸಿದಾಗ 86 ಇರಬೇಕು, ಅದರಲ್ಲಿ ಐದು ಸೆಂಟಿಮೀಟರ್ ಹಿಗ್ಗಿರಬೇಕು. ಗದ್ದೆಯಲ್ಲಿ ದುಡಿದ ಮೈ ನಿನ್ನದು, ಇಷ್ಟಕ್ಕೆ ಸೋಲುವುದಿಲ್ಲ. ಆದರೆ ಇದಕ್ಕೆ ಅಂಕವಿಲ್ಲ, ಪಾಸು ಇಲ್ಲವೇ ಫೇಲು ಅಷ್ಟೇ. ಮೆರಿಟ್ ನಿರ್ಧಾರವಾಗುವುದು ಲಿಖಿತ ಪರೀಕ್ಷೆಯಲ್ಲಿ: ಒಂದೂವರೆ ಗಂಟೆಯಲ್ಲಿ ನೂರು ಪ್ರಶ್ನೆ, ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಒಂದು ಹುದ್ದೆಗೆ ಐವರಂತೆ ಮಾತ್ರ ಮೈದಾನಕ್ಕೆ ಕರೆಯುತ್ತಾರೆ. ಬೆಳಗ್ಗೆ ಓಡುವ ಹುಡುಗರು ರಾತ್ರಿ ಪುಸ್ತಕ ಹಿಡಿಯದೆ ಮನೆಗೆ ಮರಳುವುದು ಇಲ್ಲೇ. ಸಾಮಾನ್ಯ ಜ್ಞಾನವೆಂದು ಹಗುರ ಮಾಡಬೇಡ. ಸಂವಿಧಾನ, ಕರ್ನಾಟಕದ ಇತಿಹಾಸ, ಲೆಕ್ಕ ಮೂರನ್ನೂ ದಿನಾ ಓದು.

ಮುಖ್ಯ ವಿಷಯಕ್ಕೆ ಬರುತ್ತೇನೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕೆಲಸ ಸಿಕ್ಕಂತಲ್ಲ. ವೈದ್ಯಕೀಯ ಪರೀಕ್ಷೆ ಇದೆ, ನಡತೆ ಮತ್ತು ಪೂರ್ವಾಪರ ಪರಿಶೀಲನೆ ಇದೆ. ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತನಾಗುವವರೆಗೆ ನಾನೂ ಇಂಥ ಪರಿಶೀಲನೆಗೆ ಹಳ್ಳಿಗಳಿಗೆ ಹೋಗುತ್ತಿದ್ದೆ. ಅಭ್ಯರ್ಥಿ ಬರೆದುಕೊಟ್ಟ ಫಾರ್ಮು ಕೈಯಲ್ಲಿರುತ್ತಿತ್ತು. ಮೊದಲು ಠಾಣೆಯ ರಿಜಿಸ್ಟರ್ ನೋಡುವುದು, ಆಮೇಲೆ ಊರು. ಕಿರಾಣಿ ಅಂಗಡಿಯವನನ್ನೂ ಪಂಚಾಯ್ತಿ ಸದಸ್ಯರನ್ನೂ ಅಕ್ಕಪಕ್ಕದ ಮನೆಯವರನ್ನೂ ವಿಚಾರಿಸುತ್ತಿದ್ದೆವು. ಊರವರು ಏನೆಂದರೂ ರಿಜಿಸ್ಟರಿನ ಅಕ್ಷರ ಅಳಿಯುವುದಿಲ್ಲ. ಹುಡುಗನ ಫಾರ್ಮಿನಲ್ಲಿ ‘ಇಲ್ಲ’ ಎಂದಿದ್ದು ರಿಜಿಸ್ಟರಿನಲ್ಲಿ ಅವನ ಹೆಸರು, ಅಪ್ಪನ ಹೆಸರು, ಕಲಂ ನಂಬರು ಎಲ್ಲ ಸಿಕ್ಕರೆ ವರದಿಯಲ್ಲಿ ಅದನ್ನು ಬರೆಯದೆ ನಮಗೆ ಬೇರೆ ದಾರಿಯಿರಲಿಲ್ಲ. ಆ ಹುಡುಗನಿಗೆ ಪೆಟ್ಟು ಬೀಳುತ್ತಿದ್ದದ್ದು ಹೊಡೆದಾಟದ ಕಾರಣಕ್ಕಿಂತ ಮುಚ್ಚಿಟ್ಟ ಕಾರಣಕ್ಕೆ.

ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರ ಜುಲೈನಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಇದನ್ನೇ ಬಿಡಿಸಿ ಹೇಳಿದೆ. ಬಂಧನವಾಗಿದ್ದರೆ, ಶಿಕ್ಷೆಯಾಗಿದ್ದರೆ, ಕೇಸು ಬಾಕಿಯಿದ್ದರೆ ಅಭ್ಯರ್ಥಿ ನಿಜವನ್ನೇ ಬರೆಯಬೇಕು. ಚಿಕ್ಕ ವಯಸ್ಸಿನ ಸಣ್ಣಪುಟ್ಟ ತಪ್ಪಾಗಿದ್ದರೆ ಇಲಾಖೆ ಅದನ್ನು ಮನ್ನಿಸಬಹುದು. ಹಲವು ಕೇಸುಗಳು ಬಾಕಿಯಿದ್ದು ಬೇಕೆಂದೇ ಮುಚ್ಚಿಟ್ಟರೆ ಆ ಸುಳ್ಳೇ ನೇಮಕಾತಿ ರದ್ದುಪಡಿಸಲು ಸಾಕು. ನಿನಗೆ ಪೂರ್ತಿ ಸತ್ಯ ಹೇಳಬೇಕು: ನಿಜ ಬರೆದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದು ಕೋರ್ಟು ಹೇಳಿಲ್ಲ. ಕೇಸಿನ ಸ್ವರೂಪ ನೋಡಿ ಬೇಡ ಎನ್ನುವ ಅಧಿಕಾರ ಇಲಾಖೆಗೆ ಉಳಿದಿದೆ. ಹಾಗಿದ್ದೂ ನಿಜ ಬರೆದವನ ಪರವಾಗಿ ವಾದಿಸಲು ಏನಾದರೂ ಉಳಿಯುತ್ತದೆ. ಮುಚ್ಚಿಟ್ಟವನು ಕೆಲಸ ಸಿಕ್ಕಿದ ಮೇಲೂ ಯಾವತ್ತು ಹೊರಬೀಳುತ್ತದೋ ಎಂದು ಹೆದರಿಕೊಂಡೇ ಇರಬೇಕು.

ದುಡ್ಡು ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ನಿನ್ನ ಹತ್ತಿರ ಬಂದಾರು. ಆ ದಾರಿ ಎಲ್ಲಿಗೆ ಒಯ್ಯುತ್ತದೆ ನೋಡು: 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು, ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಕಿವಿಯೊಳಗಿನ ಬ್ಲೂಟೂತ್‌ನಲ್ಲಿ ಉತ್ತರ ಕೇಳಿಸಿಕೊಂಡದ್ದು, ಓಎಂಆರ್ ಹಾಳೆ ತಿದ್ದಿದ್ದು ಸಿಐಡಿ ತನಿಖೆಯಲ್ಲಿ ಹೊರಬಂತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯನ್ನೇ ಬಂಧಿಸಿದರು. 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿ 23ಕ್ಕೆ. ಪ್ರಾಮಾಣಿಕವಾಗಿ ಓದಿ ಬರೆದವರೂ ಎರಡು ವರ್ಷಕ್ಕೂ ಹೆಚ್ಚು ಕಾಲ ಕೋರ್ಟಿಗೆ, ಧರಣಿಗೆ ಅಲೆದರು. ಅವರ ಕಣ್ಣೀರು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಸಾಲ ಮಾಡಿ ಖಾಕಿ ಕೊಂಡವನು ಆ ಸಾಲವನ್ನು ಬಡವರ ಜೇಬಿನಿಂದಲೇ ತೀರಿಸುತ್ತಾನೆ. ನಿಮ್ಮಪ್ಪ ಹೊಲ ಒತ್ತೆಯಿಡುವ ಮಾತೆತ್ತಿದರೆ ನನಗೆ ತಿಳಿಸು, ನಾನೇ ಬಂದು ಮಾತಾಡುತ್ತೇನೆ.

ಇಷ್ಟೆಲ್ಲ ಜರಡಿ ಹಿಡಿದರೂ ತಾಳ್ಮೆಯೆಂಬ ಒಂದು ಗುಣ ಅಳತೆಗೆ ಸಿಗುವುದಿಲ್ಲ. ನಮ್ಮ ಸೀಮೆಗೆ ಅದರ ಬೆಲೆ ಗೊತ್ತಿದೆ. ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಸ್ವಾತಂತ್ರ್ಯ ಹೋರಾಟಗಾರರಾದ ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಪೊಲೀಸರ ಗುಂಡಿಗೆ ಬಲಿಯಾದರು. ಬ್ರಿಟಿಷರ ಕಂದಾಯದ ಹಣ ಕಾಯುತ್ತಿದ್ದವರು ಆ ಪೊಲೀಸರು. ಅದು ಪರಕೀಯರ ಆಳ್ವಿಕೆ. ಸ್ವತಂತ್ರ ದೇಶದಲ್ಲೂ, ಹಾವೇರಿಯಲ್ಲಿ 2008ರ ಜೂನ್ 10ರಂದು ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಪ್ರಾಣ ಬಿಟ್ಟರು. ಎದುರಿಗೆ ನಿಂತ ಗುಂಪಿನಲ್ಲಿ ನಿಮ್ಮಪ್ಪನಂಥ ರೈತನೇ ಇದ್ದಾಗ ಕೈಯಲ್ಲಿ ಲಾಠಿ ಹಿಡಿದ ಹುಡುಗ ಎಷ್ಟು ತಾಳಿಕೊಳ್ಳುತ್ತಾನೆ? ನೂರು ಪ್ರಶ್ನೆಗಳಲ್ಲಿ ಇದು ಬರುವುದಿಲ್ಲ. ಜಾತ್ರೆಯಲ್ಲಿ ಒಂದು ಮಾತಿಗೆ ಕೈ ಎತ್ತಿದ ನೀನು ಇದನ್ನು ನಿನ್ನಷ್ಟಕ್ಕೇ ಕೇಳಿಕೊಳ್ಳಬೇಕು. ನಿನ್ನನ್ನು ಬೈಯಬೇಕೆಂದು ಹೇಳುತ್ತಿಲ್ಲ. ನಿನ್ನಂಥ ರೈತರ ಮಕ್ಕಳು ಇಲಾಖೆಗೆ ಬರಬೇಕು, ತಾಳ್ಮೆ ಕಲಿತು ಬರಬೇಕು ಎಂಬುದು ನನ್ನ ಆಸೆ.

ಈಗ ಮಾಡಬೇಕಾದ್ದು ಇಷ್ಟು. ವಕೀಲರನ್ನು ಕಂಡು ನಿನ್ನ ಕೇಸಿನ ಎಫ್‌ಐಆರ್, ಚಾರ್ಜ್‌ಶೀಟ್ ನಕಲು ತೆಗೆದುಕೋ. ಯಾವ ಕಲಂ, ಕೇಸು ಯಾವ ಹಂತದಲ್ಲಿದೆ ಎಂದು ಬರೆದಿಟ್ಟುಕೋ. ಫಾರ್ಮಿನಲ್ಲಿ ಕೇಳಿದ ಕಡೆ ಒಂದಕ್ಷರ ಬಿಡದೆ ತುಂಬು. ತುಂಬುವ ದಿನ ನನ್ನ ಮನೆಗೆ ಬಾ, ಇಬ್ಬರೂ ಕೂತು ಓದಿ ನೋಡಿಯೇ ಸಹಿ ಹಾಕೋಣ.

ಇಂತಿ ನಿನ್ನ ಹಿತ ಬಯಸುವ,
ದೊಡ್ಡಪ್ಪ