ಕಸದ ಬುಟ್ಟಿಯ ಹೊಣೆ



ಮನೆಯೊಳಗಿನ ಶುಚಿತ್ವದ ವಿಷಯದಲ್ಲಿ ನಾವು ಬಹಳ ಎಚ್ಚರ ವಹಿಸುವವರು. ವುಝೂವಿನ ನೀರು, ನಮಾಝಿನ ಬಟ್ಟೆ, ಅಡುಗೆಯ ಪಾತ್ರೆ ಎಲ್ಲವೂ ಶುದ್ಧವಾಗಿರಬೇಕೆಂದು ಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸುತ್ತೇವೆ. ಆದರೆ ಮನೆಯಿಂದ ಹೊರಹೋದ ಕೊಳೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರಿಗೆ ತೊಂದರೆ ಕೊಡುತ್ತದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ? ಬಾಗಿಲಿನ ಹೊರಗೆ ಇಟ್ಟ ಮೇಲೆ ಅದು ನಗರಪಾಲಿಕೆಯ ಕೆಲಸ, ನಮ್ಮದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಎಷ್ಟು ಸರಿ ಎಂಬುದನ್ನು ಈ ಪಾಠದಲ್ಲಿ ಪರಿಶೀಲಿಸೋಣ.

ಸಿದ್ಧಾರ್ಥನಗರದಿಂದ ವಿದ್ಯಾರಣ್ಯಪುರಕ್ಕೆ

ಮೈಸೂರಿನ ಸಿದ್ಧಾರ್ಥನಗರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಲಲಿತಮಹಲ್ ಅರಮನೆಗೆ ಸಮೀಪದ, ವಿಶಾಲ ರಸ್ತೆಗಳ, ಮರಗಿಡಗಳ ಬಡಾವಣೆ ಅದು. ಬೆಳಿಗ್ಗೆ ಪಾಲಿಕೆಯ ಕಸದ ಗಾಡಿ ಬಂದು ಬುಟ್ಟಿ ಖಾಲಿಯಾದರೆ ಮನೆಯವರ ಮಟ್ಟಿಗೆ ವಿಷಯ ಮುಗಿಯಿತು. ಆದರೆ ಕಸ ಮುಗಿಯುವುದಿಲ್ಲ; ಅದು ಸ್ಥಳ ಬದಲಾಯಿಸುತ್ತದೆ, ಅಷ್ಟೆ. ಮೈಸೂರಿನ ಕಸ ಬಹುಕಾಲದಿಂದ ಸೇರುತ್ತಾ ಬಂದದ್ದು ನಗರದ ದಕ್ಷಿಣ ಭಾಗದ ವಿದ್ಯಾರಣ್ಯಪುರದ ಬಳಿಯ ಸೀವೇಜ್ ಫಾರ್ಮ್‌ಗೆ. ಅಲ್ಲಿ ದಿನಕ್ಕೆ 200 ಟನ್ ಸಾಮರ್ಥ್ಯದ ಕಾಂಪೋಸ್ಟ್ ಘಟಕವನ್ನು ಸ್ಥಾಪಿಸಲಾಯಿತು. ನಗರದ ಕಸವಾದರೋ ದಿನಕ್ಕೆ 400 ಟನ್ನಿಗೂ ಮಿಕ್ಕಿತು. ಹೀಗೆ ವರ್ಷ ವರ್ಷ ಉಳಿದದ್ದು ಲಕ್ಷಾಂತರ ಟನ್ನುಗಳ ಗುಡ್ಡವಾಯಿತು. ಸುತ್ತಲಿನ ಬಡಾವಣೆಗಳ ಜನರು ದುರ್ನಾತ, ನೊಣ, ಬೆಂಕಿಯ ಹೊಗೆ ಇವುಗಳ ವಿರುದ್ಧ ವರ್ಷಗಟ್ಟಲೆ ದೂರು ಕೊಟ್ಟರು, ಪ್ರತಿಭಟಿಸಿದರು.

ಇದೇ ಮೈಸೂರು 2015ರಲ್ಲಿ 476 ನಗರಗಳ ಸ್ವಚ್ಛತಾ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. 2016ರ ಸಮೀಕ್ಷೆಯಲ್ಲೂ 73 ನಗರಗಳ ನಡುವೆ ಮೊದಲಿಗನಾಯಿತು. ಇದು ಸಂತೋಷದ ವಿಷಯವೇ. ಇದರ ಹಿಂದೆ ಪೌರಕಾರ್ಮಿಕರ ಬೆವರಿದೆ, ಹಳೆಯ ಪರಂಪರೆಯೂ ಇದೆ. 19ನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಮಾರಿ ಬಂದು ಹೋದ ಮೇಲೆ, 1903ರಲ್ಲಿ ಇಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿಕೊಂಡಿತು. ಇಕ್ಕಟ್ಟಾದ ಕೇರಿಗಳ ಬದಲು ಗಾಳಿ ಬೆಳಕಿನ ಬಡಾವಣೆಗಳು ಎದ್ದವು. ಆದರೆ ನಮ್ಮ ಬೀದಿ ಸ್ವಚ್ಛವಾಗಿದ್ದು ಇನ್ನೊಬ್ಬನ ಬೀದಿ ನಾರುತ್ತಿದ್ದರೆ ಆ ಸ್ವಚ್ಛತೆಯನ್ನು ಪೂರ್ಣವೆಂದು ಹೇಳಲಾದೀತೇ?

ಕರಾವಳಿಯ ಓದುಗರಿಗೆ ಇನ್ನೊಂದು ಘಟನೆ ನೆನಪಿರಬಹುದು. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು ಕೆಳಗಿನ ಮಂದಾರ ಎಂಬ ಊರಿನ ಮೇಲೆ ಹರಿಯಿತು. ಮನೆಗಳು, ತೆಂಗು ಕಂಗಿನ ತೋಟಗಳು ಅದರಡಿ ಹೂತುಹೋದವು. ಕುಟುಂಬಗಳು ಮನೆ ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಆ ರಾಶಿಯನ್ನು ಒಟ್ಟಿದ್ದು ಯಾವನೋ ಒಬ್ಬ ದುಷ್ಟನಲ್ಲ. ಸಾವಿರಾರು ಸಭ್ಯ ಗೃಹಸ್ಥರು ದಿನಕ್ಕೊಂದು ಚೀಲದಂತೆ ಕಟ್ಟಿದ ಗುಡ್ಡ ಅದು.

ಹಸಿ ಕಸದಲ್ಲಿ ಏನಾಗುತ್ತದೆ?

ಅಡುಗೆಮನೆಯ ಕಸ, ಅಂದರೆ ತರಕಾರಿ ಸಿಪ್ಪೆ, ಹಣ್ಣಿನ ತಿರುಳು, ಮಿಕ್ಕ ಅನ್ನ ಸಾರು, ಚಹಾದ ಚರಟ ಇವೆಲ್ಲ ಹಸಿ ಕಸ. ಇದು ಬೇಗ ಕೊಳೆಯುತ್ತದೆ. ಗಾಳಿಯಾಡುವ ಕಡೆ, ಒಣ ಎಲೆಯ ಜೊತೆ ಬೆರೆಸಿಟ್ಟರೆ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಸುಮಾರು ಎರಡು ತಿಂಗಳಲ್ಲಿ ಕಪ್ಪು ಗೊಬ್ಬರ ಮಾಡುತ್ತವೆ. ಗಾಳಿಯಾಡದ ರಾಶಿಯಲ್ಲಿ ಹೂತರೆ ಅದು ಬೇರೆ ರೀತಿ ಕೊಳೆತು ಮೀಥೇನ್ ಎಂಬ ಅನಿಲವನ್ನು ಬಿಡುತ್ತದೆ. ಕಸದ ಗುಡ್ಡಗಳಿಗೆ ಬೆಂಕಿ ಬೀಳುವುದರಲ್ಲಿ ಈ ಅನಿಲದ ಪಾತ್ರ ದೊಡ್ಡದು. ನೂರು ವರ್ಷಗಳ ಲೆಕ್ಕ ಹಿಡಿದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಲಿಷ್ಠ.

ಅದೇ ಮೀಥೇನನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದರೆ ಅದು ಉರುವಲು! ನಮ್ಮ ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಎಂದು ಕರೆಯುವುದು ಇದನ್ನೇ. ಒಂದು ಘನ ಮೀಟರ್ ಗ್ಯಾಸ್ ಅರ್ಧ ಕಿಲೋಗಿಂತ ತುಸು ಕಡಿಮೆ ಸಿಲಿಂಡರ್ ಅನಿಲದ ಕೆಲಸ ಮಾಡುತ್ತದೆ. ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರವಾಗುತ್ತದೆ. ಹೀಗೆ ಒಂದೇ ಸಿಪ್ಪೆ ಒಂದು ಕಡೆ ರೋಗ ಮತ್ತು ಬೆಂಕಿ, ಇನ್ನೊಂದು ಕಡೆ ಒಲೆಯ ಜ್ವಾಲೆ ಮತ್ತು ಬೆಳೆ. ಈ ಎರಡರ ನಡುವಿನ ವ್ಯತ್ಯಾಸ ಬಹುತೇಕ ನಮ್ಮ ಅಡುಗೆಮನೆಯಲ್ಲೇ ತೀರ್ಮಾನವಾಗುತ್ತದೆ. ಸಿಪ್ಪೆಯ ಜೊತೆ ಪ್ಲಾಸ್ಟಿಕ್ಕು, ಗಾಜು, ಬ್ಲೇಡು, ಮಗುವಿನ ಡಯಾಪರು ಬೆರೆತರೆ ಅದು ಗೊಬ್ಬರಕ್ಕೂ ಬಾರದು, ಗ್ಯಾಸಿಗೂ ಬಾರದು.

ಮೂರು ಅನುಭವಗಳು

ಮೈಸೂರಿನದೇ ಕುಂಬಾರಕೊಪ್ಪಲಿನಲ್ಲಿ ಶೂನ್ಯ ತ್ಯಾಜ್ಯ ಘಟಕವೊಂದನ್ನು ಪಾಲಿಕೆಯ ನೆರವಿನಿಂದ ನಾಗರಿಕರ ಒಕ್ಕೂಟ ಮತ್ತು ಸ್ವಸಹಾಯ ಗುಂಪುಗಳ ಮಹಿಳೆಯರು ನಡೆಸಿ ತೋರಿಸಿದರು. ಮನೆ ಮನೆಯ ಕಸ ಅಲ್ಲಿಗೆ ಬಂತು. ಹಸಿ ಕಸ ಗೊಬ್ಬರವಾಗಿ ರೈತರ ಕೈ ಸೇರಿತು. ಕಾಗದ, ಬಾಟಲಿ, ಪ್ಲಾಸ್ಟಿಕ್ಕು ಬೇರೆ ಬೇರೆಯಾಗಿ ಮಾರಾಟವಾಯಿತು. ದೂರದ ಗುಡ್ಡಕ್ಕೆ ಸಾಗಿಸುವ ಬದಲು ಕಸವನ್ನು ಅದು ಹುಟ್ಟಿದ ಕೇರಿಯ ಹತ್ತಿರವೇ ಪ್ರಯೋಜನಕ್ಕೆ ತರಬಹುದೆಂದು ಇದು ತೋರಿಸಿತು.

ಎರಡನೆಯದು ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಅಲ್ಲಿ ಇಡೀ ಊರಿಗೆ ಒಂದು ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಎಲ್ಲರ ಅಡುಗೆಗೆ ಸಾಕಾಗುವಷ್ಟು ಸಗಣಿ ಊರಿನಲ್ಲಿರಲಿಲ್ಲ. ಆದ್ದರಿಂದ 1987ರಿಂದ ಆ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಕುಡಿಯುವ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಅವರ ಪಾಲಿನ ಬಗ್ಗಡ ಗೊಬ್ಬರಕ್ಕಾಗಿ ಹಿಂದಿರುಗುತ್ತಿತ್ತು. ಸುಮಾರು ಒಂದು ದಶಕ ಕಾಲ ನಡೆದ ಈ ಪ್ರಯೋಗದಲ್ಲಿ ಸೂಕ್ಷ್ಮವಾದ ಒಂದು ಮಾತಿದೆ: ಪ್ರತಿ ಮನೆಯವರು ತಮ್ಮ ಪಾಲಿನ ಸಗಣಿ ತಂದರೆ ಮಾತ್ರ ಊರಿಗೆ ದೀಪ. ಯಾರೋ ತರುತ್ತಾರೆಂದು ಎಲ್ಲರೂ ಕುಳಿತರೆ ಎಲ್ಲರಿಗೂ ಕತ್ತಲೆ.

ಮೂರನೆಯ ಅನುಭವ ಕಹಿಯಾದದ್ದು. 2010ರ ದಶಕದಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹಲವು ಕಡೆ ಹಸಿ ಕಸದಿಂದ ಗ್ಯಾಸ್ ಮಾಡುವ ಘಟಕಗಳನ್ನು ಕಟ್ಟಿಸಿತು. ಅವುಗಳಲ್ಲಿ ಅನೇಕವು ಕ್ರಮೇಣ ನಿಂತುಹೋದವು. ನಿರ್ವಹಣೆಯ ಲೋಪದ ಜೊತೆಗೆ ಬೇರ್ಪಡಿಸದ ಕಸವೂ ಇದಕ್ಕೆ ಕಾರಣವಾಗಿತ್ತು. ಅತ್ತ ಇಂದೋರಿನಲ್ಲಿ ಮನೆಗಳಲ್ಲೇ ಕಸ ಬೇರ್ಪಡಿಸುವ ಪದ್ಧತಿಯನ್ನು ಮೊದಲು ಬೇರೂರಿಸಿದರು. ಆಮೇಲೆ 2022ರ ಫೆಬ್ರವರಿಯಲ್ಲಿ ದಿನಕ್ಕೆ 550 ಟನ್ ಹಸಿ ಕಸದ ಗ್ಯಾಸ್ ಸ್ಥಾವರ ಉದ್ಘಾಟನೆಯಾಯಿತು. ಅಲ್ಲಿನ ಅನಿಲ ನಗರದ ಬಸ್ಸುಗಳನ್ನೂ ಓಡಿಸುತ್ತದೆ. ಯಂತ್ರವನ್ನು ಹಣ ಕೊಟ್ಟು ತರಬಹುದು. ಆದರೆ ಗೃಹಿಣಿಯ, ಗೃಹಸ್ಥನ ಶಿಸ್ತನ್ನು ಯಾವ ಟೆಂಡರಿನಿಂದಲೂ ತರಲಾಗದು.

ಸತ್ತ ಆಡಿನ ಚರ್ಮ

ಇನ್ನು ನಮ್ಮ ದೀನ್ ಈ ವಿಷಯದಲ್ಲಿ ಏನು ಕಲಿಸುತ್ತದೆಂದು ನೋಡೋಣ. ಉಮ್ಮುಲ್ ಮೂಮಿನೀನ್ ಮೈಮೂನಾ(ರ)ರ ದಾಸಿಗೆ ದಾನವಾಗಿ ಸಿಕ್ಕಿದ್ದ ಆಡೊಂದು ಸತ್ತು ಬಿದ್ದಿತ್ತು. ಅದನ್ನು ಕಂಡ ಪ್ರವಾದಿ(ಸ)ರು ಅದರ ಚರ್ಮವನ್ನೇಕೆ ಉಪಯೋಗಿಸಿಕೊಳ್ಳಲಿಲ್ಲವೆಂದು ವಿಚಾರಿಸಿದರು. ಅದು ಸತ್ತ ಪ್ರಾಣಿಯೆಂದು ಜನರು ಹೇಳಿದಾಗ, ನಿಷಿದ್ಧವಾದದ್ದು ಅದನ್ನು ತಿನ್ನುವುದು ಮಾತ್ರವೆಂದು ಸ್ಪಷ್ಟಪಡಿಸಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಘಟನೆಯಿಂದ ದೊಡ್ಡ ಪಾಠ ಸಿಗುತ್ತದೆ. ಒಂದು ಉಪಯೋಗಕ್ಕೆ ಬಾರದ ವಸ್ತು ಎಲ್ಲ ಉಪಯೋಗಕ್ಕೂ ಬಾರದ್ದೆಂದು ಎಸೆಯುವುದು ಸತ್ಯವಿಶ್ವಾಸಿಯ ದೃಷ್ಟಿಯಲ್ಲ.

ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಅವರು ಈಮಾನಿನ ಶಾಖೆಗಳಲ್ಲಿ ಎಣಿಸಿದರು. ಜನರು ನಡೆಯುವ ದಾರಿ, ಕೂರುವ ನೆರಳು, ನೀರಿನ ತಾಣ ಇವುಗಳನ್ನು ಮಲಿನಗೊಳಿಸುವುದು ಶಾಪವನ್ನು ತರುವ ಕೃತ್ಯವೆಂದು ಎಚ್ಚರಿಸಿದರು. ಹೀಗಿರುವಾಗ ರಾತ್ರಿಯ ಕತ್ತಲಲ್ಲಿ ಖಾಲಿ ನಿವೇಶನಕ್ಕೆ, ಮೋರಿಗೆ, ಕೆರೆಯಂಚಿಗೆ ಕಸದ ಚೀಲ ಎಸೆದು ಬಂದವನು ಫಜ್ರ್ ನಮಾಝಿಗೆ ಎಷ್ಟು ಶುದ್ಧವಾಗಿ ವುಝೂ ಮಾಡಿದರೂ ಆ ಬೀದಿಯವರ ಹಕ್ಕು ಅವನ ಮೇಲೆ ಉಳಿಯುವುದಿಲ್ಲವೇ? ಅಲ್ಲಾಹನು ತನ್ನ ಹಕ್ಕನ್ನು ಕ್ಷಮಿಸಿಯಾನು. ದಾಸರ ಹಕ್ಕನ್ನು ದಾಸರೇ ಕ್ಷಮಿಸಬೇಕೆಂದು ನಮ್ಮ ಉಲಮಾಗಳು ಸದಾ ನೆನಪಿಸುತ್ತಾರೆ. ವಿದ್ಯಾರಣ್ಯಪುರದ ಆ ಅಪರಿಚಿತ ಕುಟುಂಬವೂ, ಬರಿಗೈಯಲ್ಲಿ ನಮ್ಮ ಚೀಲ ಬಿಡಿಸುವಾಗ ಗಾಜು ತಗುಲಿಸಿಕೊಳ್ಳುವ ಪೌರಕಾರ್ಮಿಕ ತಾಯಿಯೂ ಈ ಹಕ್ಕುದಾರರಲ್ಲಿ ಸೇರುತ್ತಾರೆ. ಅವರು ಯಾವ ಧರ್ಮದವರೆಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ.

ಅಶುದ್ಧವಾದದ್ದರಿಂದ ಗೊಬ್ಬರ, ಗ್ಯಾಸ್?

ಸಗಣಿಯ ಗ್ಯಾಸಿನಲ್ಲಿ ಬೇಯಿಸಿದ ಊಟ ತಿನ್ನಬಹುದೇ ಎಂದು ಕೆಲವು ಹಿರಿಯರು ಸಂಶಯಪಡುವುದುಂಟು. ತರಕಾರಿ ಸಿಪ್ಪೆ, ಅನ್ನ ಮುಂತಾದವು ಮೂಲದಲ್ಲೇ ಶುದ್ಧವಾದ್ದರಿಂದ ಅಲ್ಲಿ ಈ ಪ್ರಶ್ನೆಯೇ ಹುಟ್ಟದು. ಸಗಣಿಯ ವಿಷಯದಲ್ಲಿ, ಅಶುದ್ಧ ವಸ್ತು ತನ್ನ ಮೂಲ ಸ್ವರೂಪವನ್ನು ಸಂಪೂರ್ಣ ಕಳೆದುಕೊಂಡು ಬೇರೆಯೇ ವಸ್ತುವಾದರೆ ಹಿಂದಿನ ವಿಧಿ ಉಳಿಯದೆಂದು ಹನಫೀ ಫಿಕ್‌ಹ್‌ನಲ್ಲಿ ಅಂಗೀಕರಿಸಲಾಗಿದೆ. ಸಗಣಿ ಸುಟ್ಟ ಬೂದಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಶಾಫಿಈ ಮಝ್‌ಹಬ್‌ನಲ್ಲಿ ಈ ನಿಯಮದ ವ್ಯಾಪ್ತಿ ಕಿರಿದು. ಆದರೂ ಹೊಲಕ್ಕೆ ಸಗಣಿ ಗೊಬ್ಬರ ಹಾಕಲು ಅಲ್ಲಿಯೂ ಅನುಮತಿಯಿದೆ. ಹೆಚ್ಚಿನ ವಿವರವನ್ನು ತಮ್ಮ ಊರಿನ ಉಲಮಾಗಳಿಂದ ಕೇಳಿ ತಿಳಿಯಿರಿ. 12ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿದ್ದ ಇಬ್ನುಲ್ ಅವ್ವಾಮ್ ತಮ್ಮ 'ಕಿತಾಬುಲ್ ಫಿಲಾಹ' ಎಂಬ ಕೃಷಿ ಗ್ರಂಥದಲ್ಲಿ ಗೊಬ್ಬರಗಳ ಬಗೆಗಳನ್ನೂ ಅವುಗಳನ್ನು ಹದಗೊಳಿಸುವ ಕ್ರಮವನ್ನೂ ವಿವರವಾಗಿ ಚರ್ಚಿಸಿದ್ದಾರೆ. ನಮ್ಮ ಪೂರ್ವಜರಿಗೆ ಇದು ಹೀನ ವಿಷಯವಾಗಿರಲಿಲ್ಲ.

ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ಕಸವೇ ಆಗದಂತೆ ನೋಡಿಕೊಳ್ಳುವುದು. ಪವಿತ್ರ ಕುರ್‌ಆನ್ ತಿನ್ನಲು ಕುಡಿಯಲು ಅನುಮತಿ ಕೊಟ್ಟ ಜಾಗದಲ್ಲೇ ದುಂದುಗಾರಿಕೆಯನ್ನು ತಡೆದಿದೆ. ಗೊಬ್ಬರವಾಗುತ್ತದಲ್ಲ ಎಂದು ಬಿರಿಯಾನಿ ಚೆಲ್ಲಿದರೆ ಅದು ದುಂದಿಗೆ ಹೊಸ ನೆಪ ಹುಡುಕಿದಂತೆ. ಮಿಕ್ಕದ್ದು ಮೊದಲು ಮನುಷ್ಯರಿಗೆ, ಆಮೇಲೆ ಪ್ರಾಣಿಗಳಿಗೆ, ಕೊನೆಗೆ ಗೊಬ್ಬರಕ್ಕೆ.

ಎರಡನೆಯದಾಗಿ, ಮನೆಯಲ್ಲಿ ಬುಟ್ಟಿಗಳನ್ನು ಬೇರೆ ಮಾಡುವುದು. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ ಮತ್ತು ಅಪಾಯಕಾರಿ ಎಂದು ಮೂರು ಬಗೆಯಾಗಿ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿದವು. ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ ಬುಟ್ಟಿಯಲ್ಲೇ ಕೊಡಿ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡಿ. ಅಂಗಳವಿದ್ದವರು ಒಂದು ಪದರ ಸಿಪ್ಪೆ, ಒಂದು ಪದರ ಒಣ ಎಲೆಯಂತೆ ಹಾಕಿ ಗೊಬ್ಬರ ಮಾಡಬಹುದು. ಮಾಂಸ, ಮೀನು, ಎಣ್ಣೆ ಜಿಡ್ಡನ್ನು ಅದಕ್ಕೆ ಹಾಕಬೇಡಿ. ಇಲಿ, ನಾಯಿ ಬರುತ್ತವೆ.

ಮೂರನೆಯದಾಗಿ, ನಮ್ಮ ವಲೀಮಾಗಳು, ಇಫ್ತಾರ್ ಕೂಟಗಳು. ನೂರಾರು ಮಂದಿಯ ಊಟ ಮುಗಿದಾಗ ಎಲೆ, ಮೂಳೆ, ಪ್ಲಾಸ್ಟಿಕ್ ಲೋಟ ಎಲ್ಲವೂ ಒಂದೇ ರಾಶಿಯಾಗುತ್ತವೆ. ಔತಣಕ್ಕೆ ಬಾಣಸಿಗನನ್ನು ಗೊತ್ತು ಮಾಡುವಾಗಲೇ ಕಸ ಬೇರ್ಪಡಿಸಲು ಇಬ್ಬರು ಯುವಕರನ್ನೂ ಗೊತ್ತು ಮಾಡಿರಿ. ಪಾಲಿಕೆಗೆ ಮುಂಚಿತವಾಗಿ ತಿಳಿಸಿರಿ.

ನಾಲ್ಕನೆಯದಾಗಿ, ಬಕ್ರೀದ್. ಕುರ್ಬಾನಿ ಇಬಾದತ್. ಅದರ ರಕ್ತ, ಕರುಳು, ಹೊಟ್ಟೆಯೊಳಗಿನ ಹುಲ್ಲು ಬೀದಿಯಲ್ಲಿ ಬಿದ್ದಿದ್ದರೆ ಆ ಇಬಾದತ್‌ನ ಘನತೆಗೆ ನಾವೇ ಕುಂದು ತಂದಂತೆ. ತ್ಯಾಜ್ಯವನ್ನು ಪಾಲಿಕೆ ಗೊತ್ತುಪಡಿಸಿದ ರೀತಿಯಲ್ಲೇ ಒಪ್ಪಿಸಬೇಕು. ಮೊಹಲ್ಲಾ ಕಮಿಟಿಗಳು ಹಬ್ಬಕ್ಕೆ ಕೆಲವು ದಿನ ಮೊದಲೇ ಅಧಿಕಾರಿಗಳೊಡನೆ ಮಾತಾಡಿ ಗಾಡಿ, ಡಬ್ಬ, ಸಮಯ ನಿಗದಿಪಡಿಸಿಕೊಳ್ಳಬೇಕು. ಹೊಟ್ಟೆಯೊಳಗಿನ ಹುಲ್ಲು-ಸಗಣಿ ಗ್ಯಾಸ್ ಸ್ಥಾವರಕ್ಕೆ ಒಳ್ಳೆಯ ಆಹಾರವೆಂಬುದೂ ತಿಳಿದಿರಲಿ.

ಪಾಲಿಕೆಯಲ್ಲಿ ಲೋಪವಿದ್ದರೆ ಕೇಳುವ ಹಕ್ಕು ನಮಗಿದೆ. ಬೇರ್ಪಡಿಸಿ ಕೊಟ್ಟದ್ದನ್ನು ಗಾಡಿಯಲ್ಲಿ ಮತ್ತೆ ಬೆರೆಸಿದರೆ ಅರ್ಜಿ ಕೊಡಿ, ವಾರ್ಡಿನ ಅಧಿಕಾರಿಯನ್ನು ಕಾಣಿ. ಆದರೆ ಅವರು ಬೆರೆಸುತ್ತಾರೆಂದು ನಾವೂ ಬೆರೆಸುವುದು ನ್ಯಾಯವಲ್ಲ. ಪ್ರತಿಯೊಬ್ಬನೂ ತನ್ನ ಹೊಣೆಗೆ ತಾನೇ ಉತ್ತರ ಹೇಳಬೇಕಾಗಿದೆ.

ಗಿಡ ನೆಟ್ಟವನಿಗೆ, ಅದರಿಂದ ಹಕ್ಕಿಯೋ ಮನುಷ್ಯನೋ ಪಶುವೋ ತಿಂದದ್ದೆಲ್ಲ ಸದಕವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ನಮ್ಮ ಅಡುಗೆಮನೆಯ ಸಿಪ್ಪೆ ಗೊಬ್ಬರವಾಗಿ ಯಾವುದೋ ರೈತನ ಹೊಲದ ತೆನೆಗೆ ಸೇರಿದರೆ ಆ ಪುಣ್ಯದಲ್ಲಿ ನಮಗೂ ಪಾಲು ಸಿಗಲೆಂದು ಆಶಿಸೋಣ. ಇಂದು ರಾತ್ರಿ ಅಡುಗೆಮನೆ ಸ್ವಚ್ಛ ಮಾಡುವಾಗ ಎರಡನೆಯ ಬುಟ್ಟಿಯೊಂದನ್ನು ಇಟ್ಟು, ಅದು ಏಕೆಂದು ಮಕ್ಕಳಿಗೆ ವಿವರಿಸಿರಿ. ನಮ್ಮ ಶುಚಿತ್ವ ಇನ್ನೊಬ್ಬರ ಪಾಲಿಗೆ ಕೊಳೆಯಾಗದಂತೆ ಅಲ್ಲಾಹನು ನಮ್ಮನ್ನು ಕಾಪಾಡಲಿ. ಆಮೀನ್.