ಗಂಟೆ ಲೆಕ್ಕದ ಟೇಬಲ್

ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಟೇಬಲ್ ಮೇಲೆ ಯಾರೂ ಸೇಫ್ಟಿ, ಅಂದರೆ ಎದುರಿನವನಿಗೆ ಹೊಡೆಯಲು ಏನೂ ಉಳಿಸದ ಆಟ, ಆಡುವುದಿಲ್ಲ. ಸ್ನೂಕರ್ ಬಗ್ಗೆ ನನ್ನನ್ನು ಯಾರಾದರೂ ಕೇಳಿದರೆ ಮೊದಲು ಹೇಳುವ ಮಾತು ಇದೇ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮ್ಮಂಥ ಹುಡುಗರಿಗೆ ಹನ್ನೆರಡು ಅಡಿಯ ಪೂರ್ತಿ ಟೇಬಲ್ ಎಂದರೆ ಕಲಬುರಗಿಯೇ. ಆಳಂದದಲ್ಲಿ ನಾನು ಬೆಳೆಯುವಾಗ ಕೈಗೆ ಸಿಗುತ್ತಿದ್ದದ್ದು ಕೇರಂ ಬೋರ್ಡು. ಕಾಲೇಜಿಗೆಂದು ಮಾಡಿಸಿದ ಬಸ್ ಪಾಸಿನಲ್ಲೇ ಬಂದು ಮೂರೂ ಊರಿನವರು ಸ್ನೂಕರ್ ಪಾರ್ಲರಿನಲ್ಲಿ ಸೇರುತ್ತಿದ್ದೆವು. ಸೋತವನು ಟೇಬಲ್ ದುಡ್ಡು ಕೊಡಬೇಕು, ಅದರಲ್ಲಿ ಮಾತಿಲ್ಲ. ಗೋಡೆಯ ಮೇಲೆ ಗಡಿಯಾರ, ಸ್ಟ್ಯಾಂಡಿನಲ್ಲಿ ಊರ ಬಸ್ಸು. ಕ್ಯೂನಿಂದ ಹೊಡೆಯುವ ವೈಟ್ ಬಾಲನ್ನು ಬ್ರೌನ್ ಬಾಲಿನ ಹಿಂದೆ ಮರೆಮಾಡಲು ಯಾರಾದರೂ ಬಗ್ಗಿ ಅಳತೆ ಹಾಕಿದರೆ ಹಿಂದಿನಿಂದ ಕೂಗು: “ಹೊಡಿಯಪಾ, ಟೈಮ್ ಓಡ್ಲಿಕತ್ತದ!” ಅಫಜಲಪುರದವರು ಎಲ್ಲರಿಗಿಂತ ದೂರ ಹೋಗಬೇಕಿತ್ತು, ಅದಕ್ಕೇ ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದರು ಎಂಬುದು ನನ್ನ ವಾದ. ಅಲ್ಲಿನ ಗೆಳೆಯರು ಇವತ್ತಿಗೂ ಒಪ್ಪಿಲ್ಲ.

ಹಾಗೆ ಬೆಳೆದವರಿಗೆ ಪಾಟ್ ಮಾಡುವುದು, ಅಂದರೆ ಬಾಲನ್ನು ಪಾಕೆಟ್ಟಿಗೆ ಹಾಕುವುದು, ಚೆನ್ನಾಗಿ ಬರುತ್ತದೆ. ಟೇಬಲಿನ ಈ ತುದಿಯಿಂದ ಆ ತುದಿಯ ಮೂಲೆಗೆ ರೆಡ್ ಕಳಿಸುವುದರಲ್ಲಿ ನಮ್ಮ ಹುಡುಗರು ಬೆಂಗಳೂರಿನವರಿಗೆ ಕಡಿಮೆಯಿಲ್ಲ. ಆದರೆ ರಾಜ್ಯ ಮಟ್ಟದ ಪಂದ್ಯಕ್ಕೆ ಹೋದ ಮೇಲೆ ಗೊತ್ತಾಗುವುದೇ ಬೇರೆ. ಅಲ್ಲಿ ನನ್ನ ಎದುರಿಗಿದ್ದ ಹಿರಿಯರೊಬ್ಬರು ರೆಡ್ ಹಾಕಲು ಅವಸರವೇ ಪಡಲಿಲ್ಲ. ಮುಟ್ಟಿಸಿದ ಹಾಗೆ ಮಾಡಿ ವೈಟನ್ನು ರೆಡ್‌ಗಳಿಂದ ದೂರದ ತುದಿಯ ಬಾಕ್ ಕುಷನ್‌ಗೆ ಅಂಟಿಸಿ, ಹೋಗಿ ಕೂತು ನೀರು ಕುಡಿಯುತ್ತಿದ್ದರು. ಮತ್ತೆ ಅದೇ. ನನಗೆ ಹೊಡೆಯಲು ಏನೂ ಉಳಿಯುತ್ತಿರಲಿಲ್ಲ.

ಈ ಆಟದಲ್ಲಿ ಅರ್ಧ ಹೊತ್ತು ಕುರ್ಚಿಯಲ್ಲಿ ಕಳೆಯಬೇಕು. ಕಬಡ್ಡಿಯಲ್ಲಿ ಎದುರಾಳಿಯ ಕಾಲಾದರೂ ಹಿಡಿಯಬಹುದು. ಇಲ್ಲಿ ಅವನು ಒಂದಾದ ಮೇಲೊಂದು ಬಾಲ್ ಹಾಕಿ ಬ್ರೇಕ್ ಕಟ್ಟುತ್ತಿದ್ದರೆ ನೀವು ಮಾಡುವಂಥದ್ದು ಏನೂ ಇಲ್ಲ. ಕೈ ತಣ್ಣಗಾಗುತ್ತದೆ, ಮನಸ್ಸು ಅವನ ಪಾಯಿಂಟ್ ಎಣಿಸುತ್ತದೆ. ಈ ಕಾಯುವಿಕೆ ಎಷ್ಟು ಉದ್ದವಾಗಬಹುದು ಎಂಬುದಕ್ಕೆ ಒಂದು ಪಂದ್ಯ ಸಾಕು: 2017ರಲ್ಲಿ ಸಿಂಗಪುರದಲ್ಲಿ ಬೆಂಗಳೂರಿನ ವಿದ್ಯಾ ಪಿಳ್ಳೈ ಮಹಿಳಾ ವಿಶ್ವ ಸ್ನೂಕರ್ ಫೈನಲ್ ಆಡಿದರು. ಹನ್ನೊಂದು ಫ್ರೇಮಿನ ಪಂದ್ಯ ಎಂಟು ಗಂಟೆಗೂ ಮೀರಿ ನಡೆದು, ಹಾಂಗ್‌ಕಾಂಗ್‌ನ ಎನ್‌ಜಿ ಆನ್-ಯೀ ಎದುರು 6-5ರಲ್ಲಿ ಕೈಜಾರಿತು. ಎಂಟು ಗಂಟೆ! ನಮ್ಮ ಪಾರ್ಲರಿನ ದರದಲ್ಲಿ ಅದರ ಬಿಲ್ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿ ನಕ್ಕಿದ್ದೆವು. ಮಳೆಗಾಲದಲ್ಲಿ ಹೊತ್ತು ಹೋಗದೆ ಕೂತಿದ್ದ ಬ್ರಿಟಿಷ್ ಸೇನಾಧಿಕಾರಿಗಳು 1875ರಲ್ಲಿ ಜಬಲ್ಪುರದಲ್ಲಿ ಹುಟ್ಟಿಸಿದ ಆಟ ಇದು. ಹೊತ್ತು ಇಲ್ಲದವರ ಕೈಗೆ ಬಂದದ್ದು ಆಮೇಲೆ.

ಹವೆಯದ್ದೂ ಒಂದು ಪಾಠ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಟೇಬಲ್ ಮೇಲಿನ ಕ್ಲಾತ್ ಒಣಗಿ ಬಾಲ್ ಓಡುತ್ತಲೇ ಇರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಅದೇ ಹೊಡೆತಕ್ಕೆ ಬಾಲ್ ಅರ್ಧಕ್ಕೇ ನಿಲ್ಲುತ್ತದೆ. ದೊಡ್ಡ ಪಂದ್ಯಗಳಲ್ಲಿ ಟೇಬಲಿನ ಕಲ್ಲಿನ ಅಡಿಗೆ ಹೀಟರ್ ಇಟ್ಟಿರುತ್ತಾರೆ, ಕ್ಲಾತಿಗೆ ಇಸ್ತ್ರಿ ಮಾಡುತ್ತಾರೆ. ಹೊಸ ಊರಿಗೆ ಹೋದಾಗ ಮೊದಲು ನಾನು ರೆಡ್ ಮುಟ್ಟುವುದಿಲ್ಲ. ವೈಟೊಂದನ್ನೇ ಮೇಲೆ ಕಳಿಸಿ ಕೆಳಗೆ ಬರಲು ಬಿಟ್ಟು, ಅದು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತೇನೆ.

ಗಡಿಯಾರದ ಭಯವಿಲ್ಲದ ಟೇಬಲ್ ಸಿಕ್ಕವರೇ ಮುಂದೆ ಹೋಗಿದ್ದಾರೆ ಎಂಬುದು ನನ್ನ ನಂಬಿಕೆ. ತೋಟಗಾರಿಕೆ ಇಲಾಖೆಯ ನೌಕರಿಯಲ್ಲಿದ್ದ ಉಮಾದೇವಿ ನಾಗರಾಜ್ ಬೆಂಗಳೂರಿನ ಸರ್ಕಾರಿ ನೌಕರರ ಕ್ಲಬ್ಬಿನಲ್ಲಿ, ಅದೂ ಬೇರೆಯವರು ಆಟ ನಿಲ್ಲಿಸುವ ವಯಸ್ಸಿನಲ್ಲಿ, ಕ್ಯೂ ಹಿಡಿದರು. 2012ರಲ್ಲಿ ಮಹಿಳಾ ಬಿಲಿಯರ್ಡ್ಸ್ ವಿಶ್ವ ಚಾಂಪಿಯನ್ ಆದರು. ಪಂಕಜ್ ಅಡ್ವಾಣಿ ಚಿಕ್ಕಂದಿನಲ್ಲಿ ಅಣ್ಣ ಶ್ರೀ ಹಿಂದೆ ಪಾರ್ಲರಿಗೆ ಹೋದವರು, ನಿಜ. ಆದರೆ ಅವರನ್ನು ತಿದ್ದಿದವರು ಅರವಿಂದ ಸವೂರ್, ಬೆಳೆಸಿದ್ದು ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಟೇಬಲ್‌ಗಳು. 2003ರಲ್ಲಿ ಚೀನಾದಲ್ಲಿ ಅಮೆಚೂರ್ ವಿಶ್ವ ಸ್ನೂಕರ್ ಗೆದ್ದಾಗ ಅವರಿಗೆ ಹದಿನೆಂಟು.

ಅಂಥ ಪಂಕಜ್ ಕೂಡ 2012ರಲ್ಲಿ ವೃತ್ತಿಪರ ಟೂರಿಗೆ ಸೇರಿ, ಎರಡು ಸೀಸನ್ ಆಡಿ, 2014ರಲ್ಲಿ ಬಿಟ್ಟು ಬಂದರು. ಟೂರ್ ಎಂದರೆ ಬ್ರಿಟನ್ನಿನಲ್ಲಿ ಮನೆ ಮಾಡಿಕೊಂಡು, ವಿಮಾನ-ಹೋಟೆಲ್ ಖರ್ಚು ತಾನೇ ಹೊತ್ತು ಆಡುವ ಬದುಕು. 2015ರಲ್ಲಿ ಈಜಿಪ್ಟಿನ ಹುರ್ಗಾಡದಲ್ಲಿ ಅವರು ಅಮೆಚೂರ್ ವಿಶ್ವ ಕಿರೀಟ ಮತ್ತೆ ಗೆದ್ದರು. ಫೈನಲಿನಲ್ಲಿ ಅವರಿಗೆ ಸೋತ ಚೀನಾದ ಹುಡುಗ ಝಾವೊ ಶಿನ್‌ಟಾಂಗ್ ಟೂರಿಗೆ ಹೋದ, 2025ರಲ್ಲಿ ಶೆಫೀಲ್ಡಿನಲ್ಲಿ ವೃತ್ತಿಪರ ವಿಶ್ವ ಚಾಂಪಿಯನ್ನೂ ಆದ. ಪಂಕಜ್ ಅಲ್ಲೇ ಉಳಿದಿದ್ದರೆ ಎಂದು ಪಾರ್ಲರಿನಲ್ಲಿ ಜಗಳವಾಗುತ್ತದೆ. ನಾನು ಆ ಜಗಳಕ್ಕೆ ಹೋಗುವುದಿಲ್ಲ. ಮನೆಯ ಅನ್ನ ಬಿಟ್ಟು ಆಡುವ ಕಷ್ಟ ನೋಡುವವರಿಗೆ ಕಾಣುವುದಿಲ್ಲ.

ಈಗ ನಾನು ಕಲಬುರಗಿಯಲ್ಲಿ ಹುಡುಗರಿಗೆ ಕಲಿಸುತ್ತೇನೆ. ಬೆಳಿಗ್ಗೆ ಪಾರ್ಲರ್ ಖಾಲಿ ಇರುವಾಗ ಮೀಟರ್ ಹಾಕದಿರಲು ಮಾಲೀಕರನ್ನು ಒಪ್ಪಿಸಿದ್ದೇನೆ. ಆ ಹೊತ್ತಿನಲ್ಲಿ ಪಾಟ್‌ಗೆ ಪಾಯಿಂಟ್ ಇಲ್ಲ. ಎದುರಿನವನಿಗೆ ಏನೂ ಕಾಣದ ಹಾಗೆ ವೈಟ್ ಬಿಟ್ಟವನಿಗಷ್ಟೇ ಪಾಯಿಂಟ್. ಮೊದಲ ವಾರ ಎಲ್ಲರೂ ಬೈಯುತ್ತಾರೆ.

ಜೇವರ್ಗಿಯ ಹುಡುಗನೊಬ್ಬನ ತಂದೆ ಮೊನ್ನೆ ಬಂದು ಕೂತರು. “ಇದರಾಗ ಪಗಾರ ಎಷ್ಟು ಸಿಗ್ತದ್ರಿ?” ಸುಳ್ಳು ಹೇಳಲಿಲ್ಲ. ಆಡಿ ಗಳಿಸುವವರು ದೇಶದಲ್ಲೇ ಬೆರಳೆಣಿಕೆ. ಉಳಿದವರನ್ನು ಸಾಕುವುದು ನೌಕರಿ. ಪೆಟ್ರೋಲಿಯಂ ಕಂಪನಿಗಳು, ರೈಲ್ವೆ ಕ್ರೀಡಾ ಕೋಟಾದಲ್ಲಿ ತೆಗೆದುಕೊಂಡಿವೆ, ಪಂಕಜ್ ಸಹ ಒಎನ್‌ಜಿಸಿ ನೌಕರಿಯಲ್ಲಿದ್ದುಕೊಂಡೇ ಆಡಿದವರು. ಆದರೆ ಅಲ್ಲಿಗೆ ಮುಟ್ಟಲು ರಾಷ್ಟ್ರ ಮಟ್ಟದಲ್ಲಿ ಹೆಸರು ಬೇಕು, ಅಲ್ಲಿಯವರೆಗೆ ಬೆಂಗಳೂರಿನ ರೈಲು, ರೂಮು, ಎಂಟ್ರಿ ಫೀ ಎಲ್ಲ ಮನೆಯದೇ. ಡಿಗ್ರಿ ಬಿಡಿಸಬೇಡಿರಿ ಎಂದೂ ಹೇಳಿದೆ.

ಅವರು ಸ್ವಲ್ಪ ಹೊತ್ತು ಟೇಬಲ್ ನೋಡಿದರು. “ತೊಗರಿ ರಾಶಿ ಆಗ್ಲಿ, ಆಮ್ಯಾಲ ಕಳಸ್ತೀನಿ. ಅಲ್ಲೀತನಕ ಹೊಲದಾಗ ಕೆಲಸ ಅದ,” ಎಂದು ಎದ್ದರು.