ಎಲ್ಲೆಯ ಈಚೆಯ ಬಾಳುವೆ, ಆಚೆಯ ಬಾಳುವೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಹೆಣ್ಣುಮಕ್ಕಳಿಗೆ ವರನನ್ನು ಹುಡುಕುವಾಗ ಹಿರಿಯರು ಕೇಳುವ ಪ್ರಶ್ನೆಗಳಲ್ಲಿ, “ಹುಡುಗನ ಊರು ಈ ಕಡೆಯದೋ, ಆಂಧ್ರದ ಕಡೆಯದೋ?” ಎಂಬುದೂ ಒಂದು. ರಾಯದುರ್ಗ, ಕಲ್ಯಾಣದುರ್ಗಗಳು ನಮಗೆ ಪರದೇಶಗಳಲ್ಲ. ಸಂತೆ, ಜಾತ್ರೆ, ನೆಂಟಸ್ತಿಕೆಗಳ ಬಳಕೆಯು ತಲೆತಲಾಂತರದಿಂದ ನಡೆದುಬಂದಿರುವುದು. ಆದಕಾರಣ ಎರಡು ರಾಜ್ಯಗಳಲ್ಲಿ ಯಾವುದರ ಜೀವನಮಟ್ಟ ಮೇಲು ಎಂಬುದು ನಮ್ಮ ಪಾಲಿಗೆ ಕೇವಲ ಭೂಗೋಳದ ಪಾಠವಲ್ಲ, ಮನೆಯ ವಿಚಾರವೇ ಆಗಿದೆ. ಇದನ್ನು ಅಳೆಯುವ ಕ್ರಮ ಯಾವುದೆಂಬುದನ್ನು ಪೂರ್ವವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಸಂಕ್ಷೇಪವಾಗಿ ಇಡಲು ಯತ್ನಿಸುವೆನು.

1. ಎಲ್ಲೆಯು ಹುಟ್ಟಿದ ಬಗೆ

1799ರಲ್ಲಿ ಟೀಪೂ ಸುಲ್ತಾನನು ಮಡಿದ ಮೇಲೆ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿತು. ಮರುವರ್ಷ, ಎಂದರೆ 1800ರಲ್ಲಿ, ನಿಜಾಮನು ಬಳ್ಳಾರಿ, ಅನಂತಪುರಗಳ ಸೀಮೆಯನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ಹೀಗೆ ಮೊಳಕಾಲ್ಮೂರು ಮೈಸೂರಿನಲ್ಲಿಯೂ, ಅದರ ನೆರೆಯ ರಾಯದುರ್ಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿಯೂ ಉಳಿದುವು. 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಹೆಚ್ಚಿನ ಭಾಗವು ಮೈಸೂರನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದುವು.

ಆದರೆ ಮಳೆಯೂ ಮಣ್ಣೂ ಈ ಗೆರೆಯನ್ನು ಅರಿಯವು. ವೇದಾವತಿ ನದಿಯು ಹಿರಿಯೂರಿನ ವಾಣೀವಿಲಾಸ ಸಾಗರವನ್ನು ದಾಟಿ, ಚಳ್ಳಕೆರೆ ಸೀಮೆಯಲ್ಲಿ ಹರಿದು, ಆಂಧ್ರವನ್ನು ಹೊಕ್ಕು, ಹಗರಿ ಎಂಬ ಹೆಸರಿನಿಂದ ಮರಳಿ ಬಳ್ಳಾರಿ ಜಿಲ್ಲೆಗೆ ಬಂದು ತುಂಗಭದ್ರೆಯನ್ನು ಸೇರುವುದು. ಎರಡು ಕಡೆಯೂ ಮಳೆ ಕಡಿಮೆ. ಎರಡು ಕಡೆಯೂ ಕಡಲೆಕಾಯಿಯೇ ಬೇಸಾಯಗಾರನ ನಂಬಿಕೆ. ಎರಡು ಕಡೆಯೂ ಕುರಿ ಸಾಕುವವರೂ ಮಗ್ಗ ನಂಬಿದವರೂ ಇರುವರು. ಎರಡು ಕಡೆಯೂ ಕನ್ನಡ, ತೆಲುಗು ಎರಡೂ ಕೇಳಿಬರುವುವು. ಪ್ರಕೃತಿಯು ಒಂದೇ ಆಗಿರುವಲ್ಲಿ ಬಾಳುವೆಯಲ್ಲಿ ಭೇದ ಕಂಡುಬಂದರೆ, ಅದಕ್ಕೆ ಕಾರಣವನ್ನು ಮನುಷ್ಯರ ಮತ್ತು ಸರ್ಕಾರಗಳ ಕೆಲಸದಲ್ಲಿ ಹುಡುಕಬೇಕಲ್ಲದೆ ಆಕಾಶದಲ್ಲಿ ಅಲ್ಲ.

2. ಅಂಕಿಗಳು ಹೇಳುವುದೇನು?

2011ನೆಯ ಜನಗಣತಿಯಂತೆ ಕರ್ನಾಟಕದಲ್ಲಿ ನೂರು ಮಂದಿ ಹೆಂಗಸರಲ್ಲಿ 68 ಮಂದಿ ಅಕ್ಷರಸ್ಥರು. ತೆಲಂಗಾಣವೂ ಸೇರಿದ್ದ ಅಂದಿನ ಆಂಧ್ರಪ್ರದೇಶದಲ್ಲಿ 59 ಮಂದಿ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ಹೆಂಗಸರ ಪೈಕಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ಕರ್ನಾಟಕದಲ್ಲಿ ನೂರಕ್ಕೆ 21, ಆಂಧ್ರದಲ್ಲಿ 29. ರಕ್ತಹೀನತೆಯುಳ್ಳ ಹೆಂಗಸರು ಇಲ್ಲಿ ನೂರಕ್ಕೆ 48, ಅಲ್ಲಿ 59.

ಇಷ್ಟನ್ನೇ ಓದಿದವರು ನಮ್ಮ ರಾಜ್ಯವೇ ಮೇಲೆಂದು ಪುಸ್ತಕವನ್ನು ಮುಚ್ಚಿಬಿಡುವರು. ಆದರೆ ಅದೇ ಸಮೀಕ್ಷೆಯಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಐದು ವರ್ಷದೊಳಗಿನ ಮಕ್ಕಳು ಕರ್ನಾಟಕದಲ್ಲಿ ನೂರಕ್ಕೆ 35, ಆಂಧ್ರದಲ್ಲಿ 31. ಒಂದು ಅಳತೆಯಲ್ಲಿ ಮುಂದಿರುವ ರಾಜ್ಯವು ಇನ್ನೊಂದರಲ್ಲಿ ಹಿಂದೆ ಬೀಳಬಹುದು. ಆದಕಾರಣ ಒಂದೇ ಅಂಕಿಯಿಂದ ತೀರ್ಪು ಕೊಡತಕ್ಕದ್ದಲ್ಲ. ಇದು ಮೊದಲನೆಯ ಪಾಠ.

3. ಸರಾಸರಿಯ ಮರೆ

ರಾಜ್ಯದ ಸರಾಸರಿಯು ತಾಲ್ಲೂಕಿನ ಸ್ಥಿತಿಯನ್ನು ಮರೆಮಾಡುವುದುಂಟು. ಕರ್ನಾಟಕದ ಆದಾಯವೆಂದಾಗ ಅದರಲ್ಲಿ ಬೆಂಗಳೂರಿನ ಸಂಪತ್ತು ಸೇರಿರುವುದು. ಆಂಧ್ರದ ಬೆಳೆಯೆಂದಾಗ ಕೃಷ್ಣಾ, ಗೋದಾವರಿಗಳ ಮುಖಜಭೂಮಿ ಸೇರಿರುವುದು. ಮೊಳಕಾಲ್ಮೂರಿನ ನೇಕಾರನಿಗೆ ಮೊದಲನೆಯದರಿಂದಲೂ, ರಾಯದುರ್ಗದ ರೈತನಿಗೆ ಎರಡನೆಯದರಿಂದಲೂ ದೊರೆಯುವುದು ಅತ್ಯಲ್ಪ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕರ್ನಾಟಕದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಚಳ್ಳಕೆರೆ, ಮೊಳಕಾಲ್ಮೂರುಗಳೆರಡೂ ಆ ಪಟ್ಟಿಯಲ್ಲಿದ್ದುವು. ಆದಕಾರಣ ರಾಯದುರ್ಗವನ್ನು ಮೊಳಕಾಲ್ಮೂರಿನೊಡನೆ ಹೋಲಿಸಬೇಕೇ ಹೊರತು ಬೆಂಗಳೂರಿನೊಡನೆ ಅಲ್ಲ. ಇದು ಎರಡನೆಯ ಪಾಠ.

4. ಕಾನೂನಿನ ಭೇದ

ಕಣ್ಣಿಗೆ ಕಾಣದ ಭೇದವೊಂದನ್ನು ಪೋಷಕರು ಮುಖ್ಯವಾಗಿ ಗಮನಿಸತಕ್ಕದ್ದು. ನಮ್ಮ ಸೀಮೆಯಲ್ಲಿ ನಾಯಕ ಜನಾಂಗದವರ ಸಂಖ್ಯೆ ದೊಡ್ಡದು. 1991ರ ಕಾನೂನಿನಿಂದ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಸೇರಿದುವು. ಆಂಧ್ರದಲ್ಲಿಯಾದರೋ ಅವರ ಬಂಧುಗಳೇ ಆದ ಬೋಯ, ವಾಲ್ಮೀಕಿಗಳನ್ನು ಏಜೆನ್ಸಿ ಪ್ರದೇಶಗಳ ಹೊರಗೆ ಹಿಂದುಳಿದ ವರ್ಗದಲ್ಲಿ ಎಣಿಸುವರು. ಒಂದು ರಾಜ್ಯದ ಪಂಗಡದ ಹಕ್ಕು, ಇನ್ನೊಂದು ರಾಜ್ಯಕ್ಕೆ ಹೋಗಿ ನೆಲೆಸಿದವರ ಬೆನ್ನ ಹಿಂದೆ ಬರಲಾರದೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ತೀರ್ಮಾನಿಸಿದೆ. ಈಚೆಯ ಹುಡುಗಿಯು ಆಚೆಯ ಮನೆಗೆ ಸೊಸೆಯಾಗಿ ಹೋದರೆ, ಇಲ್ಲಿ ಕಾಲೇಜಿನ ಪ್ರವೇಶಕ್ಕೂ ಕೆಲಸಕ್ಕೂ ಆಧಾರವಾಗಿದ್ದ ಪ್ರಮಾಣಪತ್ರವು ಅಲ್ಲಿ ಅದೇ ಬೆಲೆಯನ್ನು ಪಡೆಯದು. ಮದುವೆಯ ಮಾತುಕತೆಯಲ್ಲಿ ಒಡವೆ, ವಸ್ತ್ರಗಳನ್ನು ಎಣಿಸುವವರು ಇದನ್ನು ಎಣಿಸುವುದು ಅಪರೂಪ.

5. ಕೊಡುಗೆಗಳು

ಈಗಿನ ಮಾತುಕತೆಯೆಲ್ಲ ಸರ್ಕಾರದ ಕೊಡುಗೆಗಳ ಸುತ್ತಲೇ ಸುಳಿಯುವುದು. 2023ರ ಜೂನ್ ತಿಂಗಳಲ್ಲಿ ಕರ್ನಾಟಕದ ಹೆಂಗಸರಿಗೆ ಉಚಿತ ಬಸ್ಸಿನ ಪ್ರಯಾಣ ದೊರೆತಾಗ, ಆಚೆಯ ಅಕ್ಕತಂಗಿಯರು ನಮ್ಮನ್ನು ಭಾಗ್ಯವಂತರೆಂದರು. 2025ರ ಆಗಸ್ಟಿನಲ್ಲಿ ಆಂಧ್ರದಲ್ಲಿಯೂ ಅದು ಬಂದಿತು. ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಂದಿರಿಗೆ ಹಣ ಕೊಡುವ ಕ್ರಮವನ್ನು ಆಂಧ್ರವು 2020ರಲ್ಲಿ ಆರಂಭಿಸಿತು. ಸರ್ಕಾರ ಬದಲಾದ ಮೇಲೆ 2025ರಲ್ಲಿ ಅದು ಬೇರೆ ಹೆಸರನ್ನೂ ಬೇರೆ ನಿಯಮಗಳನ್ನೂ ತಾಳಿತು. ಇಂತಹ ಸಹಾಯವನ್ನು ಹಗುರವಾಗಿ ಕಾಣಬಾರದು. ಬಡವರ ಮನೆಯಲ್ಲಿ ಒಲೆ ಉರಿಯುವುದು ಎಷ್ಟೋ ವೇಳೆ ಅದರಿಂದಲೇ. ಆದರೆ ಐದು ವರ್ಷಕ್ಕೊಮ್ಮೆ ಬದಲಾಗಬಹುದಾದುದನ್ನು ನೆಚ್ಚಿ, ಐವತ್ತು ವರ್ಷಗಳ ಬಾಳುವೆಯನ್ನು ನಿರ್ಣಯಿಸುವುದು ವಿವೇಕವಲ್ಲ.

6. ಕೇಳತಕ್ಕ ಪ್ರಶ್ನೆಗಳು

ಹಾಗಾದರೆ ಊರನ್ನು ಅಳೆಯುವುದು ಹೇಗೆ? ಆಚೆಯದಾಗಲಿ ಈಚೆಯದಾಗಲಿ, ಯಾವ ಊರಿನ ವಿಷಯದಲ್ಲಿಯೂ ಐದು ಪ್ರಶ್ನೆಗಳನ್ನು ಕೇಳಿರಿ. ಬೇಸಿಗೆಯಲ್ಲಿ ಕುಡಿಯುವ ನೀರು ಎಷ್ಟು ದಿನಕ್ಕೊಮ್ಮೆ ಬರುವುದು? ಹೆರಿಗೆಯ ನೋವು ರಾತ್ರಿ ತೊಡಗಿದರೆ ಎಷ್ಟು ಹೊತ್ತಿಗೆ ವೈದ್ಯರನ್ನು ಕಾಣಬಹುದು? ಹತ್ತನೆಯ ತರಗತಿಯ ಮುಂದಿನ ಓದು ಎಷ್ಟು ದೂರದಲ್ಲಿದೆ, ಅಲ್ಲಿಗೆ ಹೆಣ್ಣುಮಕ್ಕಳು ಹೋಗುತ್ತಿರುವರೇ? ನಮ್ಮ ಮಗಳು ಓದಿದ ಭಾಷೆಯೂ ಪಡೆದ ಪ್ರಮಾಣಪತ್ರವೂ ಅಲ್ಲಿ ನಡೆಯುವುವೇ? ಆ ಊರಿನ ಹುಡುಗಿಯರಿಗೆ ಎಷ್ಟನೆಯ ವಯಸ್ಸಿನಲ್ಲಿ ಮದುವೆ ಮಾಡುವರು?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಆಂಧ್ರದ 29ಕ್ಕಿಂತ ನಮ್ಮ 21 ಕಡಿಮೆಯೆಂದು ಹಿಗ್ಗಲು ಕಾರಣವಿಲ್ಲ. ಐವರಲ್ಲಿ ಒಬ್ಬಳಿಗಿಂತ ಹೆಚ್ಚು ಎಂದೇ ಅದರ ಅರ್ಥ. ನಮ್ಮ ತರಗತಿಯ ಬೆಂಚೊಂದರಲ್ಲಿ ಐದು ಹುಡುಗಿಯರು ಕುಳಿತರೆ, ಆ ಲೆಕ್ಕದಂತೆ ಒಬ್ಬಳ ಸ್ಥಳವು ಹೊತ್ತಿಗೆ ಮುಂಚೆಯೇ ಬರಿದಾಗುವುದು. ಆ ಸ್ಥಳವನ್ನು ಉಳಿಸುವುದು ಯಾವ ರಾಜ್ಯದ ಎಲ್ಲೆಗೂ ಸಾಧ್ಯವಿಲ್ಲ, ಅವಳ ಮನೆಯವರಿಗೆ ಸಾಧ್ಯ. ಎಲ್ಲೆಯ ಎರಡು ಕಡೆಯಲ್ಲಿಯೂ ಸಂಸಾರ ಹೂಡಿರುವ ನಮ್ಮ ಪೂರ್ವವಿದ್ಯಾರ್ಥಿನಿಯರು ತಮ್ಮ ತಮ್ಮ ಊರಿಗೆ ಈ ಐದು ಪ್ರಶ್ನೆಗಳನ್ನು ಹಾಕಿ, ದೊರೆತ ಉತ್ತರವನ್ನು ನೆರೆಹೊರೆಯ ತಾಯಂದಿರಿಗೆ ತಿಳಿಸುವರೆಂದು ನಂಬಿರುವೆನು.